ಕುಂಕುಮ ಹಚ್ಚಿದವರ ಕಿಟಕಿ

ಬೈಲಹೊಂಗಲಕ್ಕೆ ಬಂದ ಮೊದಲ ದಿನ ನಾನು ಚಿತ್ರ ಬರೆಯಬೇಕಿದ್ದ ಕೋಣೆಯ ಕರಿಹಲಗೆಯ ಮೇಲೆ ಭಿನ್ನರಾಶಿ ಲೆಕ್ಕವಿತ್ತು. ತಪ್ಪಿ ಬಂದೆನೆಂದು ತಿರುಗಿ ಹೊರಟವಳನ್ನು ಮನೋಳಿಯ ಹುಡುಗಿಯೊಬ್ಬಳು ತಡೆದಳು. ಹೆಸರು ಶಿವಲೀಲಾ. ಮಧ್ಯಾಹ್ನದವರೆಗೆ ಹೈಸ್ಕೂಲಿನ ಮಕ್ಕಳದು, ಆಮೇಲೆ ಅದೇ ನಮ್ಮ ಚಿತ್ರಕಲಾ ಶಾಲೆ ಎಂದಳು. ಮಂಡ್ಯದಲ್ಲಿ ಕೂತು ಅರ್ಜಿ ತುಂಬುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಯಾರಿಗೂ ಈಸೆಲ್ ಇಲ್ಲ. ನಾನು ಬೀರುವಿನ ಹಿಂದೆ, ಉತ್ತರದ ಕಿಟಕಿಯ ಕೆಳಗೆ, ಮುರಿದ ಡೆಸ್ಕಿನ ಮೇಲೆ ಇನ್ನೊಂದು ಡೆಸ್ಕು ಹೇರಿ ಹಲಗೆ ಒರಗಿಸಿದೆ. ಜೋಳದ ಚೀಲ ಬಿಚ್ಚಿ ಪರದೆ ಕಟ್ಟಿದೆ. ಸಂಜೆಯವರೆಗೂ ಬಣ್ಣ ಕೆಡಿಸದ ಬೆಳಕು ಬರುತ್ತಿದ್ದದ್ದು ಅಲ್ಲಿ ಮಾತ್ರ. ಮೊದಲು ಅಲ್ಲಿದ್ದವರು ಓದು ಮುಗಿಸಿ ಹೋಗಿ ಆ ಜಾಗ ಖಾಲಿಯಿತ್ತು. ಮಂಡ್ಯದ ಮನೆಯಲ್ಲಿ ನಾನು ಚಿತ್ರ ಬರೆಯುವ ಮೇಜಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಇಲ್ಲಿ ಬೆನ್ನ ಹಿಂದೆ ಐದಾರು ಜನ ನಿಂತು, ಎಮ್ಮೆಯ ಕಾಲು ಹಾಗಿರುವುದಿಲ್ಲ ಎನ್ನುತ್ತಾರೆ. ಹಾಳಾದ್ದು, ಅವರು ಹೇಳಿದ್ದೇ ಸರಿ ಇರುತ್ತದೆ.

ಶಿವಲೀಲಾ ದಿನಾ ರೊಟ್ಟಿ ತರುತ್ತಿದ್ದಳು, ಜೊತೆಗೆ ಹಿಂಡಿ. ನಮ್ಮಲ್ಲಿ ಹಿಂಡಿ ದನಕ್ಕೆ ಹಾಕುವುದು, ಇಲ್ಲಿ ಶೇಂಗಾ ಚಟ್ನಿಪುಡಿ. ಮೊದಲ ದಿನ ಮುಖ ಸಿಂಡರಿಸಿದ್ದಕ್ಕೆ ಅವಳು ಇವತ್ತಿಗೂ ನನ್ನನ್ನು ಕಾಡುತ್ತಾಳೆ.

ದಸರೆಗೆ ಊರಿಗೆ ಹೋದೆ. ನನ್ನ ಮೇಜಿನ ಮೇಲೆ ಅಮ್ಮ ಗೊಂಬೆ ಕೂರಿಸಿದ್ದಳು. ಬಣ್ಣದ ಡಬ್ಬಿಗಳು ಅಟ್ಟ ಸೇರಿದ್ದವು. ಕೇಳಿದರೆ, "ನೀನು ಬಂದು ಹೋಗೋಳು ತಾನೆ" ಅಂದಳು. ಇರಲಿ, ಅಲ್ಲಿ ನನ್ನ ಕಿಟಕಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ.

ಬಂದು ನೋಡಿದರೆ ನನ್ನ ಡೆಸ್ಕುಗಳ ಮೇಲೆ ಶಿವಲೀಲಾಳ ಹಲಗೆ. ಅದಕ್ಕೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಒಣಗಿದ ಚೆಂಡುಹೂ. ನನ್ನ ಚಿತ್ರ ಕಾರಿಡಾರಿನಲ್ಲಿ, ಗೋಡೆಗೆ ಮುಖ ಮಾಡಿ ನಿಂತಿತ್ತು. ಆಯುಧಪೂಜೆಗೆ ಇಲ್ಲಿ ಖಂಡೆ ಪೂಜೆ ಎನ್ನುತ್ತಾರೆ. ಅವತ್ತು ಯಾರು ಎಲ್ಲಿ ಕುಂಕುಮ ಹಚ್ಚುತ್ತಾರೋ ಆ ಜಾಗ ವರ್ಷವಿಡೀ ಅವರದು. ಈ ಶಾಲೆಯ ರೂಢಿ. ಅದು ಎಲ್ಲರಿಗೂ ಗೊತ್ತು, ನನ್ನೊಬ್ಬಳನ್ನು ಬಿಟ್ಟು.

"ನೀ ಇರಲಿಲ್ಲಲ್ಲ. ಪೂಜಿ ಇಲ್ದ ಜಾಗಾ ಖಾಲಿ ಬಿಡಬಾರ್ದು, ಅದಕ್ಕ ನಾನ ಹಚ್ಚೇನಿ" ಅಂದಳು ಶಿವಲೀಲಾ.

"ಹೋಗೋಕೆ ಮುಂಚೆ ಒಂದು ಮಾತು ಹೇಳಬಾರದಿತ್ತಾ?"

ಅವಳು ತಲೆ ತಗ್ಗಿಸಿದಳು. "ಹೇಳಿದ್ರ ನೀ ಹೋಗತಿದ್ದಿಲ್ಲ."

ಆಮೇಲೆ ಚೀಲದಿಂದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟಳು. ದಸರೆಗೆ ಇಲ್ಲಿ ಬನ್ನಿ ಕೊಟ್ಟು ಹಾರೈಸುವ ಹಾಗೆ, ಬಂಗಾರದಂಗ ಇರೂಣು ಅಂದಳು. ಹಬ್ಬ ಕಳೆದ ಮೇಲೂ ನನಗಾಗಿ ಎತ್ತಿಟ್ಟಿದ್ದಳು. ಮೈಯೆಲ್ಲ ಉರಿಯಿತು. ಆದರೂ ಇಸಿದುಕೊಂಡೆ, ಈ ಊರಲ್ಲಿ ನನಗೆ ಬನ್ನಿ ಕೊಡುವವರು ಬೇರೆ ಯಾರೂ ಇರಲಿಲ್ಲ.

ಆ ವರ್ಷ ಪೂರ್ತಿ ಕಾರಿಡಾರಿನಲ್ಲಿ, ನಲ್ಲಿಯ ಪಕ್ಕ ನಿಂತು ಚಿತ್ರ ಬರೆದೆ. ಈ ಸಲ ದಸರೆಗೆ ಊರಿಗೆ ಹೋಗಲಿಲ್ಲ. ಖಂಡೆ ಪೂಜೆಯ ದಿನ ಎಲ್ಲರಿಗಿಂತ ಮೊದಲೇ ಬಂದು ಕಿಟಕಿಯ ಕೆಳಗೆ ಕುಂಕುಮ ಹಚ್ಚಿ, ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ. ಅವಳೂ ಗೊಂಬೆಗಳ ಫೋಟೊ ಕಳಿಸಿದಳು. ನೀನು ಬರದೆ ಇದ್ದದ್ದಕ್ಕೆ ನಿನ್ನ ಮೇಜನ್ನು ಪಡಸಾಲೆಗೇ ಎಳೆದು ಹಾಕಿದೆವು, ಇನ್ನು ಅಲ್ಲೇ ಇರಲಿ ಬಿಡು ಎಂದು ಬರೆದಿದ್ದಳು.