ಹೌದು ಎನ್ನದ ಮೂಳೆ ತಜ್ಞರು

ಮೂಳೆ ತಜ್ಞರ ಬಾಯಿಂದ ‘ಹೌದು’ ಎಂಬ ಮಾತು ಕೇಳಿದವರು ಸಿಕ್ಕ ಮೂಳೆ ಯಾರದೆಂದು ಗುರುತು ಹಚ್ಚುವ ಆ ಸರ್ಕಾರಿ ಪ್ರಯೋಗಾಲಯದಲ್ಲಿ ಈಗ ಯಾರೂ ಉಳಿದಿಲ್ಲ. ಉಪ್ಪು ಹದವಾಗಿದೆಯಾ ಎಂದು ಹೆಂಡತಿ ಕೇಳಿದರೆ, “ಇಲ್ಲ ಅನ್ನೋಕಾಗಲ್ಲ” ಎನ್ನುತ್ತಾರೆ. ಹುಡುಗಿ ಒಪ್ಪಿಗೆಯಾ ಎಂದಾಗಲೂ ಅದನ್ನೇ ಹೇಳಿದ್ದರೆಂದು ಅತ್ತೆ ಇಂದಿಗೂ ಹಂಗಿಸುತ್ತಾರೆ. ನೆಂಟರು ಕೂಸನ್ನು ಮುಂದೊಡ್ಡಿ “ಥೇಟ್ ಅಪ್ಪನೇ ಅಲ್ವಾ?” ಎಂದರೆ, ಅದರ ದವಡೆ ಸವರಿ, “ಅಲ್ಲ ಅನ್ನೋಕಾಗಲ್ಲ” ಎಂದು ಆ ಮನೆಯ ನೆಮ್ಮದಿ ಕೆಡಿಸಿ ಬರುತ್ತಾರೆ. ಈಗ ಅವರ ಮೇಜಿನ ಮೇಲೆ ಎಂಟುನೂರು ವರ್ಷ ಹಿಂದಿನ ರಾಜ ಮಲಗಿದ್ದಾನೆ. ಅಥವಾ ರಾಜ ಅಲ್ಲವೆನ್ನಲಾಗದ ಯಾರೋ. ವಯಸ್ಸು ಹೊಂದುತ್ತದೆ, ಎತ್ತರ ಹೊಂದುತ್ತದೆ, ಚರಿತ್ರೆಯಲ್ಲಿ ಹೇಳಿದ ಜಾಗದಲ್ಲೇ ಬುರುಡೆಗೆ ಕತ್ತಿಯೇಟೂ ಬಿದ್ದಿದೆ. ಅಮೃತಶಿಲೆಯ ಸಮಾಧಿ ಸಿದ್ಧ, ಮಂತ್ರಿಗಳ ಭಾಷಣವೂ ಸಿದ್ಧ. ಸೋಮವಾರದೊಳಗೆ ‘ಹೌದು’ ಬಾರದಿದ್ದರೆ ತಜ್ಞರ ಕುರ್ಚಿ ಬೇರೆಯವರಿಗೆ. “ಒಂದೇ ಒಂದು ಪದ ಬರೀರಿ ಸಾರ್,” ಎಂದು ಇಲಾಖೆಯ ಕಾರ್ಯದರ್ಶಿ ಗೋಗರೆಯುತ್ತಾರೆ. “ಎಂಟುನೂರು ವರ್ಷ ಆಯ್ತು. ತಪ್ಪಾದ್ರೂ ಯಾರು ಬಂದು ಕೇಳ್ತಾರೆ?” ತಜ್ಞರು ಕನ್ನಡಕ ಒರೆಸಿಕೊಂಡು, ‘ರಾಜನಲ್ಲ ಎನ್ನಲಾಗದು’ ಎಂದೇ ಬರೆದು ಸಹಿ ಹಾಕುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಳೆದಂಡೆಯಲ್ಲಿ ಸಿಕ್ಕ ಮೂಳೆಗಳು ಕಾಣೆಯಾದ ಮಗನವೇ ಎಂದು ಕೇಳಿದ ತಾಯಿಯೊಬ್ಬಳಿಗೆ ಅವರು ‘ಹೌದು’ ಎಂದಿದ್ದರು. ಮೂರು ವರ್ಷದ ಮೇಲೆ ಆಕೆ ಅದೇ ಮಗನ ಕೈಹಿಡಿದು ಇದೇ ಕೋಣೆಗೆ ಬಂದಳು. ಬೈಯಲಿಲ್ಲ, ನಗುತ್ತಲೇ ಇದ್ದಳು. ಹೊರಟವಳು ಬಾಗಿಲಲ್ಲಿ ತಿರುಗಿ ನಿಂತು, ದನಿ ತಗ್ಗಿಸಿ ಕೇಳಿದಳು: “ಹಾಗಾದ್ರೆ ನಾನು ಮಣ್ಣು ಮಾಡಿದ್ದು ಯಾರ ಮಗನ್ನ ಸಾರ್?”