ತೆಲುಗಿನ ಚಾಲು

ರತ್ನಕ್ಕ, ಅವತ್ತು ನಾನು ಹೇಳಿದ್ದು ತೆಲುಗಿನ 'ಚಾಲು' — ಸಾಕು ಅಂತಲೇ. ಶುರು ಮಾಡು ಅನ್ನುವ ಕನ್ನಡದ 'ಚಾಲು' ಅಲ್ಲ. ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳಿಕೊಂಡು ಬಂದೆ. ಅದನ್ನು ಹೊತ್ತು ಹೊತ್ತು ಸುಸ್ತಾಗಿದೆ.

ನಾನು ಹಿಂದೂಪುರದಲ್ಲಿ ಮದುವೆ ವಿಡಿಯೊ ತೆಗೆದು ಬದುಕುತ್ತಿದ್ದವನು. ನೀನು ದೊಡ್ಡಪ್ಪನ ಮಗಳು, ಕಲ್ಯಾಣದುರ್ಗದಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಕೇಳಿ ಒಯ್ದಾಗ, ಮನೆಯವರ ಫೋಟೊ ತೆಗೆಯಲಿಕ್ಕೆ ಅಂದುಕೊಂಡಿದ್ದೆ. ನೀನು ತಂತಿಗೆ ಚಿಂದಿ ಸುತ್ತಿ, ಕಡಲೆಕಾಯಿಯ ತಲೆ ಕೂರಿಸಿ ಗೊಂಬೆ ಮಾಡಿದ್ದೆ. ಅದನ್ನು ಕೂದಲೆಳೆಯಷ್ಟು ಸರಿಸುವುದು, ಫೋಟೊ ತೆಗೆಯುವುದು, ಮತ್ತೆ ಸರಿಸುವುದು — ಹೊಲಿಗೆಯ ನಡುವೆ ತಿಂಗಳುಗಟ್ಟಲೆ ಇದೇ ಕೆಲಸ. ಆ ಫೋಟೊಗಳನ್ನೆಲ್ಲ ಜೋಡಿಸಿ, ನನ್ನ ಕಂಪ್ಯೂಟರಿನಲ್ಲಿ ಓಡಿಸಿದೆವು.

ನಿನ್ನ ಚಿತ್ರ ಇಷ್ಟು: ಕತ್ತಲ ಮನೆಯಲ್ಲಿ ಒಬ್ಬ ತಾಯಿ ಕಡಲೆಕಾಯಿ ಸುಲಿಯುತ್ತಾಳೆ. ಪ್ರತಿ ಕಾಯೊಳಗೂ ಒಂದು ಪುಟ್ಟ ಮುಖ, ಬಾಯಿ ತೆರೆದು ಅಳುತ್ತದೆ, ಸದ್ದಿಲ್ಲ. ಅವಳು ನೋಡಿ, ಸಿಪ್ಪೆ ಮುಚ್ಚಿ ಮೊರಕ್ಕೆ ಹಾಕುತ್ತಾಳೆ. ಕೊನೆಗೆ ಗೋಡೆಗಳೇ ಎರಡು ಹೋಳಾಗಿ ಬಿರಿಯುತ್ತವೆ — ಆ ಮನೆಯೇ ಒಂದು ಕಾಯಿ, ಒಳಗೆ ಅವಳು. ಮೇಲಿನಿಂದ ಎರಡು ದೊಡ್ಡ ಬೆರಳು ಇಳಿದು ಬರುತ್ತವೆ. ಅಷ್ಟೇ.

ನನ್ನ ಮೈ ಜುಮ್ಮೆಂದಿತು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಅದರ ಹಿಂದೆಯೇ ಹೊಟ್ಟೆ ಉರಿಯಿತು. ಕ್ಯಾಮೆರಾ ನನ್ನದು, ಕಸುಬು ನನ್ನದು, ಇದು ಮಾತ್ರ ಇವಳಿಗೆ ಹೇಗೆ—

"ಯಾಕಪ್ಪಾ, ಹೆದ್ರಕಂಡ್ಬುಟ್ಯಾ? ಇನ್ನೊಂದ್ ಕತೆ ತಲೇಲೈತೆ. ಶುರು ಮಾಡ್ಲಾ?" ಎಂದು ನೀನು ಕೇಳಿದೆ.

"ಚಾಲು," ಎಂದೆ ನಾನು.

ನಮ್ಮ ಕಡೆ ಒಂದೇ ಬಾಯಲ್ಲಿ ಎರಡು ಭಾಷೆ. ಯಾವ ಭಾಷೆಯ ಮಾತು ಅನ್ನುವುದು ಆಡುವವರ ಮುಖದಲ್ಲಿ ಗೊತ್ತಾಗುತ್ತದೆ. ನೀನು ನನ್ನ ಮುಖ ನೋಡಿದೆ. ಗೊಂಬೆಗಳ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಯುಗಾದಿಗೆ ಎಲ್ಲರೂ ನಿಮ್ಮ ಮನೆಯಲ್ಲಿ ಸೇರಿದಾಗ ದೊಡ್ಡಮ್ಮ ನನ್ನನ್ನು ಕೇಳಿದರು: "ಅದೇನ್ಲಾ ಅಂದೆ ಇವ್ಳಿಗೆ? ಗೊಂಬೆ ಮುಟ್ಟೋದೇ ಬಿಟ್ಬುಟ್ಟವ್ಳೆ."

"ಶುರು ಮಾಡು ಅಂತ ಚಾಲು ಅಂದೆ ದೊಡ್ಡಮ್ಮಾ. ಅಕ್ಕ ತೆಲುಗು ಅನ್ಕಂಬುಟ್ಟವ್ಳೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದೆ, "ನಂದೇ ತಪ್ಪು ಕಣಪ್ಪ. ಗೊಂಬೆ ಎಲ್ಲಾ ಒಲೆಗ್ ಹಾಕ್ಬುಟ್ಟೆ."

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಇವತ್ತಿಗೂ ಮನೆಯಲ್ಲಿ ಯಾರಾದರೂ ಮಾತನ್ನು ತಪ್ಪಾಗಿ ಕೇಳಿಸಿಕೊಂಡರೆ 'ರತ್ನನ ಚಾಲು' ಎಂದು ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡಿದ್ದೇನೆ.

ಆ ಚಿತ್ರದ ಒಂದು ಸಿ.ಡಿ. ನನ್ನಲ್ಲಿ ಉಳಿದಿದೆ. ಯಾರಿಗೂ ತೋರಿಸದೆ ಒಬ್ಬನೇ ನೋಡುತ್ತ ಬಂದಿದ್ದೇನೆ. ಈಗಲೂ ಆ ಬೆರಳುಗಳು ಇಳಿಯುವಾಗ ಉಸಿರು ನಿಲ್ಲುತ್ತದೆ. ಇನ್ನೊಂದು ಮಾಡು ಎಂದು ಕೇಳುವ ಮುಖ ನನಗಿಲ್ಲ. ಎಷ್ಟೋ ವರ್ಷ ತಡವಾಯಿತು. ಈ ಯುಗಾದಿಗೆ ಸಿ.ಡಿ. ತೆಗೆದುಕೊಂಡು ಬರುತ್ತೇನೆ. ಎಲ್ಲರನ್ನೂ ಕೂರಿಸಿ ಚಿತ್ರ ತೋರಿಸಿ, ಅವರೆದುರಿಗೇ ಹೇಳುತ್ತೇನೆ — ನಿನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು, ಅಕ್ಕ.