ನಮ್ಮ ಅತ್ತೆಯ ಸೊಟ್ಟ ಕೈ

ಯಾರಾದರೂ ಇಂಥ ಕಥೆ ಶುರುಮಾಡಿದರೆ ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಿದ್ದವಳು ನಾನು. ನಾನು ರೇಡಿಯಾಲಜಿಸ್ಟ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೆಕ್ಸಸ್‌ನ ಆಸ್ಪತ್ರೆಗಳ ಕತ್ತಲೆ ಕೋಣೆಗಳಲ್ಲಿ ಕುಳಿತು ಜನರ ಎಕ್ಸ್‌ರೇ ಓದಿದ್ದೇನೆ. ಇದ್ದದ್ದನ್ನು ಇದೆ, ಇಲ್ಲದ್ದನ್ನು ಇಲ್ಲ ಎಂದು ಬರೆದು ಸಹಿ ಹಾಕುವುದೇ ನನ್ನ ಕೆಲಸವಾಗಿತ್ತು. ಡಾಲಸ್‌ನಲ್ಲಿದ್ದಾಗ ಒಬ್ಬ ಆಂಟಿ, ತಮ್ಮ ಯಜಮಾನರು ಹದಿಮೂರನೇ ದಿನ ಕಾಗೆಯಾಗಿ ಬ್ಯಾಕ್‌ಯಾರ್ಡಿಗೆ ಬಂದಿದ್ದರು ಎಂದು ಕಣ್ಣೊರೆಸಿಕೊಂಡಿದ್ದರು. "ಅದು ಕಾಗೆಯಲ್ಲ ಆಂಟಿ, ಗ್ರ್ಯಾಕಲ್ ಅನ್ನೋ ಕರಿ ಹಕ್ಕಿ. ಈ ಊರ ಪಾರ್ಕಿಂಗ್ ಲಾಟ್‌ಗಳ ತುಂಬ ಅವೇ" ಎಂದು ನಾನು ತಿದ್ದಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಮ್ಮ ಅತ್ತೆ, ಅಂದರೆ ನನ್ನ ಗಂಡ ಶ್ರೀಧರನ ತಾಯಿ, ಧಾರವಾಡದವರು. ಮಾವ ತೀರಿಕೊಂಡ ಮೇಲೆ ಡಾಲಸ್ ಪಕ್ಕದ ಕ್ಯಾರಲ್ಟನ್‌ನ ನಮ್ಮ ಮನೆಗೆ ಬಂದವರು ಹತ್ತೊಂಬತ್ತು ವರ್ಷ ನಮ್ಮ ಜೊತೆಗೇ ಇದ್ದರು. ನಾನು ಮೈಸೂರಿನವಳು. ಮೊದಲ ಆರು ತಿಂಗಳು ಅವರ ಮಾತು ನನಗೆ ಜಗಳದ ಹಾಗೆ, ನನ್ನ ಮಾತು ಅವರಿಗೆ ನಾಟಕದ ಹಾಗೆ ಕೇಳಿಸುತ್ತಿತ್ತು. ಆಮೇಲೆ ಇಬ್ಬರೂ ಸೇರಿ ಶ್ರೀಧರನನ್ನು ಗೇಲಿ ಮಾಡುವುದನ್ನು ಕಲಿತೆವು. ಅಲ್ಲಿಂದ ಸಂಸಾರ ಸಲೀಸಾಗಿ ಸಾಗಿತು.

ಅವರ ಎಡಗೈ ಸೊಟ್ಟಗಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಪೇರಲ ಗಿಡದಿಂದ ಬಿದ್ದಾಗ, ಎಲುಬು ಕೂಡಿಸುವವನೊಬ್ಬ ಬಿದಿರ ಪಟ್ಟಿ ಕಟ್ಟಿ ಕೂಡಿಸಿದ್ದನಂತೆ. ಮುಂಗೈಯ ಹೆಬ್ಬೆರಳಿನ ಕಡೆಯ ಮೂಳೆ ಬಿಲ್ಲಿನ ಹಾಗೆ ಬಾಗಿಕೊಂಡೇ ಕೂಡಿತ್ತು. ಎಂಥ ಕೆಟ್ಟ ಕೆಲಸ ಮಾಡಿದ್ದಾನೆ ಎಂದು ನಾನು ಆಡಿಕೊಂಡರೆ ಅವರು ಸುಮ್ಮನಿರುತ್ತಿರಲಿಲ್ಲ. "ನಿನ್ನ ಕೈ ನೆಟ್ಟಗ ಅದ, ರೊಟ್ಟಿ ಸೊಟ್ಟ. ನನ್ನ ಕೈ ಸೊಟ್ಟ ಅದ, ರೊಟ್ಟಿ ನೋಡು, ಚಂದ್ರಾಮ!" ಎನ್ನುತ್ತಿದ್ದರು. 

ಒಂದು ಸಂಕ್ರಾಂತಿಯ ಬೆಳಿಗ್ಗೆ, ಹಿಂದಿನ ರಾತ್ರಿ ಬಿದ್ದ ಮಳೆ ಮಂಜುಗಡ್ಡೆಯಾಗಿದ್ದರೂ ಲೆಕ್ಕಿಸದೆ ಡ್ರೈವ್‌ವೇಯಲ್ಲಿ ರಂಗೋಲಿ ಹಾಕಲು ಹೋಗಿ ಜಾರಿಬಿದ್ದರು. ಅದೇ ಕೈ, ಅದೇ ಮೂಳೆ ಮತ್ತೆ ಮುರಿಯಿತು. ಈ ಸಲ ಆಪರೇಷನ್ ಮಾಡಿ ಪ್ಲೇಟ್ ಹಾಕಿ ನಾಲ್ಕು ಸ್ಕ್ರೂ ಬಿಗಿದರು. ವರ್ಷ ತುಂಬುವಷ್ಟರಲ್ಲಿ ಅತ್ತೆಯ ಹಟ ಶುರುವಾಯಿತು. "ಇದನ್ನ ತಗಸು. ಕಬ್ಬಿಣ ಇಟಗೊಂಡು ಸುಡಗಾಡಿಗೆ ಹೋಗೂದಿಲ್ಲ ನಾ." ಅದು ಕಬ್ಬಿಣವಲ್ಲ, ಟೈಟಾನಿಯಮ್ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಸರ್ಜನ್ ಸೋತು ತೆಗೆದರು. ಪ್ಲೇಟ್ ಹೋದ ಮೇಲೆ ತೆಗೆದ ಎಕ್ಸ್‌ರೇಯ ಫಿಲ್ಮ್ ಬೇಕೆಂದು ಅವರೇ ಕೇಳಿದ್ದರಿಂದ, ಕಂಪ್ಯೂಟರಿನ ಕಾಲದಲ್ಲೂ ಒಂದು ಪ್ರಿಂಟ್ ಮಾಡಿಸಿ ತಂದುಕೊಟ್ಟೆ.

ಅದನ್ನು ಅವರು ಅಡುಗೆಮನೆಯ ಕಿಟಕಿಗೆ ಟೇಪು ಹಾಕಿ ಅಂಟಿಸಿದರು. ಬಂದವರಿಗೆಲ್ಲ "ನಮ್ಮ ಸೊಸಿ ತಗಸಿದ ಫೋಟೋ" ಎಂದು ತೋರಿಸುತ್ತಿದ್ದರು. ಬಾಗಿದ ಮೂಳೆ, ಬಾಗಿನ ಕೆಳಗೆ ಸ್ಕ್ರೂ ಇದ್ದ ಜಾಗದಲ್ಲಿ ಸಾಲಾಗಿ ನಾಲ್ಕು ಕಪ್ಪು ಚುಕ್ಕೆ. ನಾವು ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆದಾಗ ಆ ಫಿಲ್ಮೂ ಬಂದು ಹೊಸ ಕಿಟಕಿಗೆ ಅಂಟಿಕೊಂಡಿತು. ದಿನಾ ಬೆಳಿಗ್ಗೆ ಕಾಫಿ, ಚಹಾ ಕುಡಿಯುತ್ತ ನಾವು ಮೂವರೂ ನೋಡುತ್ತಿದ್ದದ್ದು ಅದನ್ನೇ.

ಇನ್ನು ನನ್ನ ತಪ್ಪಿನ ವಿಷಯ. ಹೊಸ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಶ್ರೀಧರ ಆಫೀಸಿನಲ್ಲಿದ್ದಾಗ, ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ದೇವಸ್ಥಾನದಲ್ಲಿ ಯಾರೋ ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. "ನೋಡವಾ ಡಾಕ್ಟರವ್ವಾ, ಇಲ್ಲೆ ಸುಟ್ಟ ಮ್ಯಾಲೆ ಎಲುಬು ಮಿಕ್ಸಿಗೆ ಹಾಕತಾರಂತ. ನನ್ನ ಪುಡಿ ಮಾಡಸಬ್ಯಾಡ. ಕೈಯಿಂದ ಆರಿಸಿ ಇಡಬೇಕು. ಶ್ರೀಧರಗ ಹೇಳಬ್ಯಾಡ, ಅವ ಅಂಜತಾನ." ಅವರು ಹೇಳಿದ್ದು ಅಸ್ಥಿಸಂಚಯನದ ಮಾತು. ಹಾಲು ನೀರು ಚಿಮುಕಿಸಿ, ಕಾಲಿನಿಂದ ತಲೆಯ ತನಕ ಒಂದೊಂದೇ ಎಲುಬನ್ನು ಮನೆಯವರೇ ಬೆರಳಿನಿಂದ ಎತ್ತುವ ಸಂಪ್ರದಾಯ. ಇಲ್ಲಿನ ಕ್ರಿಮೆಟೋರಿಯಮ್‌ಗಳಲ್ಲಿ ಸುಟ್ಟ ಮೂಳೆಯನ್ನು ಯಂತ್ರದಲ್ಲಿ ಅರೆದು ಡಬ್ಬಿಯಲ್ಲಿ ಕೊಡುವುದು ನಿಜ. ಬೇಡವೆಂದು ಮೊದಲೇ ಬರೆದುಕೊಟ್ಟರೆ ಹಾಗೇ ಕೊಡುತ್ತಾರೆ. ನಾನು ಅವರ ಸೊಟ್ಟ ಕೈ ಹಿಡಿದು ಮಾತು ಕೊಟ್ಟೆ.

ಪ್ಲೇಟ್ ತೆಗೆಸಿದ ಏಳನೇ ತಿಂಗಳಲ್ಲಿ, ಮೂರು ದಿನದ ಜ್ವರದಲ್ಲಿ, ಅತ್ತೆ ಹೊರಟುಹೋದರು. ಶ್ರೀಧರ ಮಂಕಾಗಿ ಕೂತಿದ್ದ. ಆಸ್ಟಿನ್‌ನಿಂದ ಮಗಳು ಮೇಘನಾ ಬಂದು ಅಳುತ್ತಿದ್ದಳು. ಕಾಗದಪತ್ರ ನೋಡಿಕೊಂಡವಳು ನಾನು. ಜೀವಮಾನವೆಲ್ಲ ಫಾರ್ಮ್ ತುಂಬಿದ ಕೈಯಲ್ಲವೇ, ಸರಸರನೆ ತುಂಬಿದೆ. ವಿಶೇಷ ಸೂಚನೆಗಳೇನಾದರೂ ಇವೆಯೇ ಎಂಬ ಕಾಲಮ್ಮಿಗೆ ಬಂದಾಗ, ಅಭ್ಯಾಸಬಲದಿಂದ ಒಂದು ಅಡ್ಡಗೆರೆ ಎಳೆದು ಸಹಿ ಹಾಕಿದೆ.

ಮೂರನೇ ದಿನ ಪುರೋಹಿತರು ಫೋನ್ ಮಾಡಿ ಸಂಚಯನಕ್ಕೆ ಹಾಲು ತನ್ನಿ ಎಂದಾಗ ನಾನು ಕೊಟ್ಟ ಮಾತು ನೆನಪಾಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಡಬ್ಬಿಯಲ್ಲಿದ್ದದ್ದು ಜರಡಿ ಹಿಡಿದ ಜೋಳದ ಹಿಟ್ಟಿನಷ್ಟು ನುಣ್ಣನೆಯ ಬೂದಿ. ಆ ಮುದುಕಿ ಕೈ ಕೊಯ್ಸಿಕೊಂಡು ಕಬ್ಬಿಣ ತೆಗೆಸಿದ್ದು ಹೀಗೆ ಹಿಟ್ಟಾಗಲಿಕ್ಕೇ? ಶ್ರೀಧರ ಅದನ್ನು ಊರಿಗೆ ಒಯ್ದು ಕೃಷ್ಣೆಯಲ್ಲಿ ಬಿಟ್ಟುಬಂದ. ಕೊಟ್ಟ ಮಾತಿನ ವಿಷಯ ನಾನು ಅವನಿಗೆ ಹೇಳಲಿಲ್ಲ. ಕಿಟಕಿಯ ಫಿಲ್ಮನ್ನು ಬಿಚ್ಚಿ ಗ್ಯಾರೇಜಿನ ಪೆಟ್ಟಿಗೆಗೆ ಹಾಕಿದೆ. ನೋಡುವ ಧೈರ್ಯ ನನಗಿರಲಿಲ್ಲ.

ಎರಡು ವರ್ಷದ ನಂತರ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮೇಘನಾ ಪೋರ್ಚುಗಲ್ ಪ್ರವಾಸ ಬುಕ್ ಮಾಡಿಕೊಟ್ಟಳು. ಅಲ್ಲೊಂದು ಹಳೆಯ ಊರಿನಲ್ಲಿ ಮನುಷ್ಯರ ಮೂಳೆಗಳಿಂದಲೇ ಅಲಂಕರಿಸಿದ ಪ್ರಾರ್ಥನಾಮಂದಿರವಿದೆ. ಸ್ಮಶಾನಗಳು ತುಂಬಿ ಜಾಗ ಸಾಲದಾದಾಗ, ಶತಮಾನಗಳ ಹಿಂದೆ ಅಲ್ಲಿನ ಸನ್ಯಾಸಿಗಳು ಮೂಳೆಗಳನ್ನು ತಂದು ಗಾರೆಯಲ್ಲಿ ಕೂರಿಸಿ ಗೋಡೆ ಕಂಬಗಳನ್ನೆಲ್ಲ ಮುಚ್ಚಿದ್ದಾರೆ. ನಮ್ಮ ಮೂಳೆಗಳು ನಿಮ್ಮ ಮೂಳೆಗಳಿಗಾಗಿ ಕಾಯುತ್ತಿವೆ ಎಂಬ ಅರ್ಥದ ಬರಹ ಬಾಗಿಲ ಮೇಲಿದೆ. "ಕಾಯಲಿ ಬಿಡು, ನಮಗೇನ ಗಡಿಬಿಡಿ ಇಲ್ಲ" ಎಂದ ಶ್ರೀಧರ. ಹೊರಗೆ ಸುಡುಬಿಸಿಲು, ಮಟಮಟ ಮಧ್ಯಾಹ್ನ. ಒಳಗೆ ತಣ್ಣಗಿತ್ತು, ಜನ ಫೋನ್ ಹಿಡಿದು ಓಡಾಡುತ್ತಿದ್ದರು.

ಹೆದರಿಕೆ ಎಂಬುದು ಹತ್ತಿರ ಸುಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆಫೀಸಿಗೆ ಬಂದ ಹಾಗಿತ್ತು. ಇವನಿಗೆ ಮಂಡಿ ನೋವಿತ್ತು, ಇವಳು ಭಾರ ಹೊತ್ತವಳು ಎಂದು ವೃತ್ತಿಯ ಚಾಳಿಯಿಂದ ಓದುತ್ತ ಹೋದೆ. ಅತ್ತೆ ಇದ್ದಿದ್ದರೆ "ಇವರ ಮಕ್ಕಳು ಮರಿ ಎಲ್ಲಿ ಹೋಗಿದ್ರವಾ?" ಎಂದು ಕೇಳುತ್ತಿದ್ದರು ಅಂದುಕೊಂಡು ನಗು ಬಂತು. ಹಾಗೆ ನಗುತ್ತಲೇ ಕಿಟಕಿಯ ಕಡೆ ತಿರುಗಿದೆ.

ಕಿಟಕಿಯ ಪಕ್ಕದ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಒಂದು ಮೂಳೆಯನ್ನು ಉದ್ದಕ್ಕೆ ಮಲಗಿಸಿದ್ದರು. ಎಡಗೈಯದು. ಮುಂಗೈಯ ಹೆಬ್ಬೆರಳಿನ ಕಡೆಯದು. ಬಿಲ್ಲಿನ ಹಾಗೆ ಬಾಗಿ ಕೂಡಿಕೊಂಡಿತ್ತು. ಬಾಗಿದ ಜಾಗದ ಕೆಳಗೆ, ಸಾಲಾಗಿ, ನಾಲ್ಕು ದುಂಡು ತೂತುಗಳಿದ್ದವು.

 ಶ್ರೀಧರ ಬಂದು ಪಕ್ಕದಲ್ಲಿ ನಿಂತ. ನಾನು ಏನನ್ನೂ ತೋರಿಸಲಿಲ್ಲ. ಅವನು ತಾನಾಗಿಯೇ ಚಪ್ಪಲಿ ಬಿಟ್ಟು ಕೈ ಮುಗಿದ. ಚರ್ಚಿನಲ್ಲಿದ್ದೇವಲ್ಲ, ಅದಕ್ಕಿರಬೇಕು ಎಂದುಕೊಂಡೆ. ನಾನು ಫೋನ್ ತೆಗೆದು ಒಂದು ಫೋಟೋ ಹಿಡಿದೆ. ಹೊರಗೆ ಬಂದು ಇಬ್ಬರೂ ಕಿತ್ತಳೆ ರಸ ಕುಡಿದೆವು.

ಮನೆಗೆ ಬಂದವಳೇ ಗ್ಯಾರೇಜಿನಿಂದ ಫಿಲ್ಮ್ ತೆಗೆದು, ಫೋಟೋವನ್ನು ಅಳತೆಗೆ ಹಿಗ್ಗಿಸಿ ಪಕ್ಕದಲ್ಲಿಟ್ಟೆ. ಬಾಗು, ತೂತುಗಳ ನಡುವಿನ ಅಂತರ, ಹಳೆಯ ಮುರಿತದ ಗಂಟು ಎಲ್ಲ ಅದೇ. ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಸೊಟ್ಟಗೆ ಕೂಡಿದ ಕೈ ಜಗತ್ತಿನಲ್ಲಿ ಒಂದೇ ಇರುತ್ತದೆಯೇ? ಗೋಡೆಗೆ ಕಟ್ಟಲು ಯಾರೋ ತೂತು ಕೊರೆದಿರಬಾರದೇಕೆ? ಇರಬಹುದು. ಆದರೆ ಆ ಗೋಡೆಯಲ್ಲಿ ನಾನು ನೋಡಿದ ಬೇರೆ ಯಾವ ಮೂಳೆಗೂ ತೂತಿರಲಿಲ್ಲ.

ನನ್ನ ಕಣ್ಣನ್ನು ನಾನೇ ನಂಬದೆ, ಮಗಳ ಮನೆಗೆ ಆಸ್ಟಿನ್‌ಗೆ ಹೋದಾಗ ಅಲ್ಲೇ ಇರುವ ಸುಮಿತ್ರಾಳಿಗೆ ತೋರಿಸಿದೆ. ಅವಳು ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಇವತ್ತಿಗೂ ಎಕ್ಸ್‌ರೇ ಓದುವವಳು. ಯಾರದು, ಎಲ್ಲಿಯದು ಎಂದು ಹೇಳದೆ ಎರಡನ್ನೂ ಅವಳ ಡೈನಿಂಗ್ ಟೇಬಲ್ ಮೇಲಿಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದವಳು, "ಏನೇ ಇದು, ಒಂದೇ ಕೈನ ಎರಡೆರಡು ಸಲ ತೋರಿಸ್ತಿದೀಯ? ಪ್ಲೇಟ್ ತೆಗೆದು ಇನ್ನೂ ವರ್ಷ ಆಗಿಲ್ಲ ಪಾಪ, ತೂತು ತುಂಬ್ಕೊಂಡೇ ಇಲ್ಲ. ಪೇಷಂಟ್ ಹೋಗ್ಬಿಟ್ರಾ?" ಎಂದಳು. ವಿಷಯ ಹೇಳಿದೆ. ಅವಳು ಮತ್ತೊಮ್ಮೆ ಫೋಟೋ ನೋಡಿ, ಕನ್ನಡಕ ಒರೆಸಿ, "ಇನ್ನೊಂದೆರಡು ಇಡ್ಲಿ ಹಾಕ್ಲೇನೇ?" ಎಂದಳು. 

ಹ್ಯೂಸ್ಟನ್ ಕಡೆಗೆ ವಾಪಸ್ ಬರುವಾಗ ಶ್ರೀಧರ ಡ್ರೈವ್ ಮಾಡುತ್ತಿದ್ದ. ಎರಡೂ ಕಡೆ ಹುಲ್ಲುಗಾವಲು, ಹಸುಗಳು, ಬಿಸಿಲು. ನನಗೆ ತಡೆಯಲಾಗಲಿಲ್ಲ. ಅತ್ತೆಗೆ ಕೊಟ್ಟ ಮಾತು, ಎಳೆದ ಅಡ್ಡಗೆರೆ, ಎಲ್ಲ ಹೇಳಿಬಿಟ್ಟೆ. ಅವನು ಬೈಯಲಿ ಎಂದೇ ಕಾಯುತ್ತ ಕೂತೆ. ಅವನು ಮುಂದಿನ ಎಕ್ಸಿಟ್ ತೆಗೆದುಕೊಂಡು ಒಂದು ಗ್ಯಾಸ್ ಸ್ಟೇಷನ್ನಿನ ನೆರಳಲ್ಲಿ ಕಾರು ನಿಲ್ಲಿಸಿದ.

"ನನಗೂ ಹೇಳಿದ್ಲು" ಎಂದ. "ಕೈಯಿಂದ ಆರಸೋ ಮಗಾ, ಆಕಿಗೆ ಹೇಳಬ್ಯಾಡ, ಮನಸ್ಸಿಗೆ ಹಚಗೋತಾಳ ಅಂದಿದ್ಲು. ನಾ ಆವತ್ತು ಫಾರ್ಮ್ ಕಡೆ ತಿರುಗಿ ಸುದ್ದಾ ನೋಡಲಿಲ್ಲ. ನದ್ಯಾಗ ಬಿಡೂ ಮುಂದ ಆ ಹಿಟ್ಟು ನೋಡಿ ಅಲ್ಲೇ ಅಳಕೋತ ಕೂತೆ. ನಿನಗ ಹೆಂಗ ಹೇಳಲಿ?"

ಒಂದೇ ಮನೆಯಲ್ಲಿ, ಒಂದೇ ತಪ್ಪನ್ನು ಎರಡು ವರ್ಷ ಬೇರೆಬೇರೆಯಾಗಿ ಹೊತ್ತು ತಿರುಗಿದ್ದೆವು. ನನಗೆ ಅಳು ಬಂತು. ಅವನು ಅತ್ತನೋ ಇಲ್ಲವೋ ಗೊತ್ತಿಲ್ಲ, ಮುಖವನ್ನು ಆ ಕಡೆ ತಿರುಗಿಸಿದ್ದ. ಆಮೇಲೆ ನಾನು ಕೇಳಿದೆ, "ಆವತ್ತು ಪೋರ್ಚುಗಲ್‌ನಲ್ಲಿ ಯಾಕೆ ಚಪ್ಪಲಿ ಬಿಟ್ಟೆ?" ಅವನು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದ.

"ದಿನಾ ಚಾ ಕುಡೀತ ನೋಡೀನಿ ಅದನ್ನ. ನಮ್ಮವ್ವನ ಕೈ ನನಗ ಗುರುತು ಸಿಗೂದಿಲ್ಲೇನು?"

ಫಿಲ್ಮ್ ಈಗ ಮತ್ತೆ ಅಡುಗೆಮನೆಯ ಕಿಟಕಿಯಲ್ಲಿದೆ. ಅದೇನು, ಹೇಗೆ ಎಂದು ನನ್ನನ್ನು ಕೇಳಬೇಡಿ. ಆ ಮೂಳೆಗಳು ಗೋಡೆ ಸೇರಿ ಶತಮಾನಗಳಾದವು, ನಮ್ಮ ಅತ್ತೆ ಸುಟ್ಟು ಬೂದಿಯಾಗಿ ನದಿ ಸೇರಿದರು. ಈ ಎರಡೂ ನಿಜ, ಎರಡಕ್ಕೂ ಬೇಕಾದರೆ ನಾನು ಸಹಿ ಹಾಕುತ್ತೇನೆ. ಗೋಡೆಯಲ್ಲಿ ಕಂಡದ್ದಕ್ಕೆ ವರದಿ ಬರೆಯಲು ಕೂತರೆ ಮಾತ್ರ ಇವತ್ತಿಗೂ ಪೆನ್ನು ಮುಂದೆ ಹೋಗುವುದಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತಿದ್ದಾಗ ಶ್ರೀಧರ ಕಿಟಕಿ ನೋಡುತ್ತ ತನ್ನಷ್ಟಕ್ಕೇ, "ಏನರ ಇರಲಿ, ಯಾರೋ ಕೈಯಿಂದ ಎತ್ತಿ ಇಟ್ಟಾರ" ಎಂದ. ನಾನು ಹೂಂ ಎಂದೆ, ಹೆಂಚಿನ ಮೇಲಿನ ಸೊಟ್ಟ ರೊಟ್ಟಿಯನ್ನು ತಿರುವಿಹಾಕಿದೆ.